'ಮದುವೆ ಆಗಿದೆಯಾ?' ಎಂಬ ಪ್ರಶ್ನೆಗೆ ಬದಲಿ ಮಾತು ಬೇಕು

ಗೆಳೆಯರೇ,

ಸಾಗರದ ಕಡೆ ಹೆಣ್ಣುಮಕ್ಕಳ ತಪಾಸಣಾ ಶಿಬಿರಕ್ಕೆ ಕನ್ನಡದಲ್ಲಿ ಕೇಸ್ ಶೀಟ್ ಬರೆಯುತ್ತಿದ್ದೇನೆ. ಒಂದೆರಡು ಕಡೆ ಪದ ಸಿಗದೆ ನಿಂತಿದ್ದೇನೆ.

'ಮದುವೆ ಆಗಿದೆಯಾ?' ಅಂತ ಹೆಂಗಸರ ಡಾಕ್ಟರು ಕೇಳುವುದು ಮದುವೆ ಬಗ್ಗೆ ಅಲ್ಲ ಅಲ್ವಾ? ದೇಹ ಸಂಪರ್ಕ ಆಗಿದೆಯಾ ಅನ್ನೋದನ್ನ ಮುಜುಗರ ಆಗದ ಹಾಗೆ ಕೇಳುತ್ತಾರೆ. 'ಇಲ್ಲ' ಅಂದರೆ ಎಷ್ಟೋ ಸಲ ಒಳಪರೀಕ್ಷೆ ಮಾಡುವುದೇ ಇಲ್ಲ. ನನಗೆ ಪರಿಚಯದವರೊಬ್ಬರು ಇನ್ನೊಬ್ಬ ಹೆಂಗಸಿನ ಜೊತೆ ಸಂಸಾರ ಮಾಡಿಕೊಂಡಿದ್ದಾರೆ. ಮುಟ್ಟಿನ ದಿನ ಬಿಟ್ಟು ಬೇರೆ ದಿನವೂ ರಕ್ತ ಹೋಗುತ್ತಿದೆ ಅಂತ ಒಂದು ಆಸ್ಪತ್ರೆಗೆ ಹೋದರು. ಮದುವೆ ಆಗಿಲ್ಲ ಅಂದರು. ಸುಳ್ಳಲ್ಲ. ಚೀಟಿ ಮೇಲೆ 'ಕುಮಾರಿ' ಅಂತ ಬಿತ್ತು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು.

ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಹೆಂಗಸಿನಿಂದ ಹೆಂಗಸಿಗೂ ದಾಟುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಇರುವುದು 30ರಿಂದ 65 ವಯಸ್ಸಿನ ಹೆಂಗಸರಿಗೆ. ಇಂಥವರು ಅದರಿಂದ ತಪ್ಪಿಹೋಗಬಾರದು.

ಹಾಗಾದರೆ ಹೇಗೆ ಕೇಳೋಣ? 'ಲೈಂಗಿಕ ಸಂಪರ್ಕ' ಪೊಲೀಸ್ ವರದಿಯ ಮಾತಿನಂತಿದೆ. 'ಸಂಬಂಧ ಇದೆಯಾ' ಅಂದರೆ ನಮ್ಮ ಕಡೆ ಕಳ್ಳ ಸಂಬಂಧ ಅಂತಲೇ ಕೇಳಿಸುತ್ತದೆ. 'ಗಂಡನ ಜೊತೆ ಸೇರ್ತೀರಾ' ಅಂತ ಕೇಳುವ ಸಿಸ್ಟರ್‌ಗಳಿದ್ದಾರೆ. ಆ 'ಸೇರು' ನನಗೆ ಹಿಡಿಸಿತು. ಸದ್ಯಕ್ಕೆ 'ಗಂಡಸಿನ ಜೊತೆಗಾಗಲಿ, ಹೆಂಗಸಿನ ಜೊತೆಗಾಗಲಿ ಸೇರಿದ್ದು ಉಂಟಾ?' ಅಂತ ಬರೆದಿದ್ದೇನೆ. 'ಸಲಿಂಗಕಾಮಿ' ಎಂಬ ಪದ ಬೇಕಂತಲೇ ಬಿಟ್ಟಿದ್ದೇನೆ. ಎದುರಿಗೆ ಕೂತವರಿಗೆ ಹಣೆಪಟ್ಟಿ ಕಟ್ಟಿ ಡಾಕ್ಟರಿಗೆ ಆಗಬೇಕಾದ್ದೇನೂ ಇಲ್ಲ.

ಇನ್ನೊಂದು ತೊಡಕು ಆಪರೇಷನ್ ಒಪ್ಪಿಗೆ ಪತ್ರದ್ದು. 'ಗಂಡ/ತಂದೆ ಸಹಿ' ಅಂತ ಅಚ್ಚಾಗಿರುತ್ತದೆ. ಬುದ್ಧಿ ನೆಟ್ಟಗಿರುವ ವಯಸ್ಕ ಹೆಂಗಸಿಗೆ ಅವಳ ಸಹಿಯೇ ಸಾಕು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯ ಮತ್ತಿನಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯನ್ನೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಯಾಕೆಂದರೆ ಅಲ್ಲಿ ಪ್ರಾಣಾಪಾಯ ಇರಲಿಲ್ಲ. ಆದರೂ ತನ್ನ ಜೊತೆ ಬಾಳುವವಳನ್ನು ಮಳೆಗಾಲದಲ್ಲಿ ಘಟ್ಟ ಇಳಿದು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದವಳು 'ಸಂಬಂಧ' ಅನ್ನೋ ಕಾಲಂ ಎದುರು ಏನು ಬರೆಯಬೇಕು? 'ಗೆಳತಿ' ಅಂದರೆ ಐಸಿಯು ಬಾಗಿಲಲ್ಲೇ ನಿಲ್ಲಿಸುತ್ತಾರೆ ಅನ್ನೋ ಭಯ. ಅದಕ್ಕೇ ಎಷ್ಟೋ ಜನ 'ಅಕ್ಕ' ಅಂತ ಬರೆದುಬಿಡುತ್ತಾರೆ. ಪಾಪ, ಇಪ್ಪತ್ತು ವರ್ಷ ಜೊತೆಗಿದ್ದವರೂ ಹಾಗೇ ಬರೆಯಬೇಕು.

ವಾರ್ಡಿನಲ್ಲಿ ಮಾತ್ರ 'ಪೇಶೆಂಟ್ ಕಡೆಯವರು ಯಾರು, ಬನ್ನಿ' ಅಂತ ಕೂಗುತ್ತಾರೆ. ಈ 'ಕಡೆಯವರು' ರಕ್ತ ಸಂಬಂಧ ಕೇಳುವುದಿಲ್ಲ, ತಾಳಿ ಕೇಳುವುದಿಲ್ಲ. ನಮೂನೆಯಲ್ಲಿ 'ನಿಮ್ಮ ಕಡೆಯವರು (ನೀವು ಹೇಳಿದವರು)' ಅಂತ ಹಾಕಿದರೆ ನಡೆಯುತ್ತದಾ? 'ಸಂಗಾತಿ' ಪುಸ್ತಕದ ಮಾತು ಅನಿಸುತ್ತದಾ?

ತೀರ್ಥಹಳ್ಳಿ, ಹೊಸನಗರದವರು, ಅದರಲ್ಲೂ ಆಸ್ಪತ್ರೆ ಕೆಲಸದಲ್ಲಿ ಇರುವವರು ದಯವಿಟ್ಟು ಬರೆಯಿರಿ. 'ಸೇರಿದ್ದು ಉಂಟಾ' ಅನ್ನೋದು ನಿಮ್ಮ ಊರಿನ ವಯಸ್ಸಾದವರಿಗೆ ಒರಟಾಗಿ ಕೇಳಿಸಿದರೆ ಅದನ್ನೂ ಹೇಳಿ. ಅಚ್ಚಿಗೆ ಕೊಡುವ ಮೊದಲು ತಿದ್ದುತ್ತೇನೆ.