ಫಾರ್ಮ್ 700ರಲ್ಲಿ ಸಿಗದ ಒಂದು ತಾರೀಖು

ಸರ್, ನಮಸ್ಕಾರ. ಗುಂಪಿನಲ್ಲಿರುವ ಉಳಿದ ಹಿರಿಯರಿಗೂ ಮಕ್ಕಳಿಗೂ ನಮಸ್ಕಾರ. ಮೊನ್ನೆ ಭಾನುವಾರ ತಾವು ಇಲ್ಲಿ ಹಾಕಿದ ಮೂರು ನಿಮಿಷದ ವಿಡಿಯೋವನ್ನು, ಅಂದರೆ ಬೀದರಿನ ಮೇಲೆ ತಾವು ಹಾರಿಸುತ್ತಿದ್ದ ಕಿರಣ್ ತರಬೇತಿ ವಿಮಾನದೊಳಗಿಂದ ತೆಗೆದ ಆ ಹಳೆಯ ಕ್ಯಾಸೆಟ್ಟಿನ ತುಣುಕನ್ನು, ನಾನು ಆರೇಳು ಸಲ ನೋಡಿದೆ. ಅದರ ಕೆಳಗೆ ತಾವು ‘ಮಿಗ್‌ನವರು ಯಾಕೆ ಸುಮ್ಮನಿದ್ದೀರಿ?’ ಎಂದು, ಮಿಗ್ ಯುದ್ಧವಿಮಾನಗಳ ಎಂಜಿನ್ ಫಿಟ್ಟರನಾಗಿದ್ದ ನನ್ನನ್ನು ಕೆಣಕಿದ್ದೀರಿ. ಅದರ ಬೆನ್ನಿಗೇ ಧಾರವಾಡದಲ್ಲಿ ಓದುತ್ತಿರುವ ನನ್ನ ಅಣ್ಣನ ಮೊಮ್ಮಗ ಚಂಡೀಗಢದ ಮಿಗ್-21 ಬೀಳ್ಕೊಡುಗೆಯ ವಿಡಿಯೋ ಹಾಕಿ, ‘ಅಜ್ಜಾ, ಜೆಟ್‌ನಲ್ಲಿ ಕೂತರೆ ಹೇಗಿರುತ್ತದೆ? ಇಳಿಯುವಾಗ ಹಿಂದೆ ಪ್ಯಾರಾಶೂಟ್ ಯಾಕೆ?’ ಎಂದು ಕೇಳಿದ್ದಾನೆ. ಇಷ್ಟೆಲ್ಲವನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವುದು ನನ್ನಿಂದಾಗದು, ಆದ್ದರಿಂದ ಬಾಯಿಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಊಟ ಮುಗಿಸಿಕೊಂಡು ಕೇಳಿದರೂ ನಡೆದೀತು.

ಮೊದಲು ಒಂದು ತಿದ್ದುಪಡಿ. ತಮ್ಮ ವಿಡಿಯೋವನ್ನು ಇಲ್ಲಿಂದ ಎತ್ತಿಕೊಂಡ ಯಾರೋ ‘ಮಿಗ್ ವಿಮಾನದ ಒಳನೋಟ’ ಎಂಬ ತಲೆಬರಹ ಹಾಕಿ ಮತ್ತೊಂದು ಗುಂಪಿಗೆ ಕಳಿಸಿದ್ದಾರೆ, ಅದು ಸುತ್ತಿಕೊಂಡು ನನ್ನ ಬೀಗರ ಕಡೆಯಿಂದ ನನಗೇ ಬಂದಿತು. ಮಿಗ್‌ನ ಕಾಕ್‌ಪಿಟ್ಟಿನಲ್ಲಿ ಇಬ್ಬರು ಅಕ್ಕಪಕ್ಕ ಕೂರಲು ಸಾಧ್ಯವೇ ಇಲ್ಲ. ಗುರು ಶಿಷ್ಯರಿಬ್ಬರೂ ಭುಜಕ್ಕೆ ಭುಜ ತಾಗುವಂತೆ ಕೂತು ಕಲಿಯುವುದು ಕಿರಣ್‌ನಲ್ಲಿ. ಅದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ಡಾಕ್ಟರ್ ವಿ. ಎಂ. ಘಾಟಗೆಯವರ ಮುಂದಾಳತನದಲ್ಲಿ ರೂಪುಗೊಂಡು, 1964ರ ಸೆಪ್ಟೆಂಬರ್ 4ರಂದು ಮೊದಲ ಸಲ ಹಾರಿದ ವಿಮಾನ. 1996ರಲ್ಲಿ ಬೀದರಿನಲ್ಲಿ ಕಟ್ಟಿದ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಸೇನೆಯ ಸೂರ್ಯಕಿರಣ ತಂಡದ ಹೆಸರಿನಲ್ಲಿರುವ ಕಿರಣವೂ ಇದೇ. ಈಗ ಆ ತಂಡದವರು ಹಾರಿಸುತ್ತಿರುವುದು ಹಾಕ್ ವಿಮಾನಗಳನ್ನು, ಹೆಸರು ಮಾತ್ರ ಹಳೆಯದೇ ಉಳಿದಿದೆ.

ಇನ್ನು ಚಂಡೀಗಢದ ವಿಡಿಯೋ. 2025ರ ಸೆಪ್ಟೆಂಬರ್ 26ರಂದು ನಮ್ಮ ದೇಶದಲ್ಲಿ ಮಿಗ್-21 ಕೊನೆಯ ಸಲ ಹಾರಿತು. 1963ರಲ್ಲಿ ಇಪ್ಪತ್ತೆಂಟನೇ ಸ್ಕ್ವಾಡ್ರನ್ನಿನ ಮೂಲಕ ಅದು ನಮ್ಮ ವಾಯುಸೇನೆಗೆ ಸೇರಿದ್ದೂ ಅದೇ ಊರಿನಲ್ಲಿ. ವಾಯುಸೇನೆಯ ಮುಖ್ಯಸ್ಥರಾದ ಎ. ಪಿ. ಸಿಂಗ್ ಅವರೇ ಅಂದು ಹಾರಿಸಿದ್ದನ್ನೂ, ಇಳಿದುಬಂದ ವಿಮಾನಗಳಿಗೆ ಎರಡೂ ಕಡೆಯಿಂದ ನೀರು ಚಿಮ್ಮಿಸಿ ಗೌರವಿಸಿದ್ದನ್ನೂ ನೀವೆಲ್ಲ ನೋಡಿದ್ದೀರಿ. ಆದರೆ ಆ ಸಮಾರಂಭದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ವಾಯುಸೇನೆಯ ಮುಖ್ಯಸ್ಥರು ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಅವರ ಕೈಗೆ ಒಂದು ಪುಸ್ತಕ ಕೊಟ್ಟರು. ಅದು ಫಾರ್ಮ್ 700. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಟೀವಿ ನೋಡುತ್ತಿದ್ದವಳು, ‘ವಿಮಾನ ಹಾರುವಾಗ ಸುಮ್ಮನಿದ್ದವರು ಪುಸ್ತಕ ಕಂಡು ಎದ್ದು ನಿಂತಿರಲ್ಲ’ ಎಂದಳು.

ತಮ್ಮಾ, ನಿನಗಾಗಿ ಹೇಳುತ್ತೇನೆ. ವಾಯುಸೇನೆಯಲ್ಲಿ ಪ್ರತಿಯೊಂದು ವಿಮಾನಕ್ಕೂ ಒಂದು ಫಾರ್ಮ್ 700 ಇರುತ್ತದೆ. ಹಾರಾಟಕ್ಕೆ ಮುಂಚೆ ಎಂಜಿನ್ನಿನವನು, ಬಾಡಿಯವನು, ವಿದ್ಯುತ್ತಿನವನು, ಆಯುಧದವನು, ಹೀಗೆ ಆಯಾ ಕೆಲಸದವರು ತಮ್ಮ ಪಾಲಿನ ತಪಾಸಣೆ ಮುಗಿಸಿ ಅದರಲ್ಲಿ ಸಹಿ ಮಾಡಬೇಕು, ಮೇಲಿನವರು ನೋಡಿ ಸಹಿ ಮಾಡಬೇಕು, ಕೊನೆಗೆ ಪೈಲಟ್ ಅದನ್ನು ಓದಿ, ವಿಮಾನವನ್ನು ಒಪ್ಪಿಕೊಂಡೆನೆಂದು ಸಹಿ ಹಾಕಿ ಏಣಿ ಹತ್ತಬೇಕು. ಮರಳಿ ಬಂದಾಗ ತೊಂದರೆ ಏನಾದರೂ ಇದ್ದರೆ, ಅದನ್ನು ನಾವು ಸ್ನ್ಯಾಗ್ ಎನ್ನುತ್ತಿದ್ದೆವು, ಅದೂ ಅಲ್ಲೇ ದಾಖಲಾಗಬೇಕು. ಅಪಘಾತವಾದ ವಿಮಾನದ ಪುಸ್ತಕವನ್ನು ತಕ್ಷಣ ವಶಕ್ಕೆ ತೆಗೆದುಕೊಂಡು ಮುದ್ರೆ ಹಾಕುತ್ತಾರೆ. ಅಂಥದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ, ಮಕ್ಕಳಿರುವ ಈ ಗುಂಪಿನಲ್ಲಿ ಅದರ ಮಾತು ಬೇಡ. ಪತ್ರಿಕೆಯವರು ಮಿಗ್-21ಕ್ಕೆ ‘ಹಾರುವ ಶವಪೆಟ್ಟಿಗೆ’ ಎಂದು ಹೆಸರಿಟ್ಟಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಸತ್ತವರಿದ್ದಾರೆ ಎಂಬುದು ಸುಳ್ಳಲ್ಲ, ಆದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಅದನ್ನು ಸಿದ್ಧಮಾಡುತ್ತಿದ್ದ ನಮಗೆ ಆ ಹೆಸರು ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಯಾರೂ ಯೋಚಿಸಲಿಲ್ಲ.

ನಾನು ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು ಮುಗಿಸಿ, ತಾಂಬರಂನಲ್ಲಿ ಎಂಜಿನ್ ಕೆಲಸ ಕಲಿತು, ಪಶ್ಚಿಮದ ಮರಳುಗಾಡಿನ ಒಂದು ಮಿಗ್ ಸ್ಕ್ವಾಡ್ರನ್ನಿಗೆ ಹೋದಾಗ ನನಗೆ ಇಪ್ಪತ್ತೊಂದು ವರ್ಷ. ನಮ್ಮದು ಬಿಸ್ ಎಂಬ ಮಾದರಿ. ಅದರ ಆರ್-25 ಎಂಜಿನ್ನುಗಳು ಒಡಿಶಾದ ಕೋರಾಪುಟ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತಿದ್ದವು. ರೀಹೀಟ್ ಹಾಕಿದರೆ, ಅಂದರೆ ಎಂಜಿನ್ನಿನ ಹಿಂಬದಿಯಲ್ಲಿ ಮತ್ತಷ್ಟು ಇಂಧನ ಸುಟ್ಟರೆ, ಏಳು ಟನ್ನಿನಷ್ಟು ನೂಕುವ ಎಂಜಿನ್ ಅದು. ಆ ಎಂಜಿನ್ನಿನ ದೊಡ್ಡ ಶತ್ರು ಯಾವುದು ಗೊತ್ತೇ? ಶೇಂಗಾ ಬೀಜದಷ್ಟು ದೊಡ್ಡ ಒಂದು ಹರಳು. ವಿಮಾನದ ಮೂಗಿನ ಕಂಡಿಯಿಂದ ಒಳಗೆ ಸೆಳೆದುಕೊಂಡರೆ ಬ್ಲೇಡುಗಳು ಹಾಳು. ಆದ್ದರಿಂದ ದಿನಾ ಬೆಳಗಿನ ಜಾವ ನಾವೆಲ್ಲ ಸಾಲಾಗಿ ನಿಂತು, ಕಳೆ ತೆಗೆಯುವವರ ಹಾಗೆ ನೆಲವನ್ನೇ ನೋಡುತ್ತ ಟಾರ್ಮ್ಯಾಕಿನ ಉದ್ದಕ್ಕೂ ನಡೆದು, ಕಲ್ಲು, ತಂತಿ, ಮೊಳೆ ಆರಿಸುತ್ತಿದ್ದೆವು. ಅದೇ ಕಾರಣಕ್ಕೆ ನಮ್ಮ ಟೂಲ್ ಕಿಟ್ಟಿನ ಪ್ರತಿಯೊಂದು ಸ್ಪ್ಯಾನರಿಗೂ ಎಣಿಕೆ ಇತ್ತು.

ಒಂದು ದಿನ ನನ್ನ ಎಣಿಕೆ ತಪ್ಪಿತು. ಸಹಿ ಮಾಡಿ ಆಗಿದೆ, ಪೈಲಟ್ ಹತ್ತಿ ಕೂತಿದ್ದಾರೆ, ವಿಮಾನ ರನ್‌ವೇ ಕಡೆಗೆ ಹೊರಟೇ ಬಿಟ್ಟಿದೆ, ಕಿಟ್ಟಿನಲ್ಲಿ ಒಂದು ಸ್ಪ್ಯಾನರಿನ ಜಾಗ ಖಾಲಿ. ಎಣಿಸಿದ ಮೇಲೆ ಸಹಿ ಮಾಡಬೇಕಾಗಿತ್ತು. ನಾನು ಸಹಿ ಮಾಡಿದ ಮೇಲೆ ಎಣಿಸಿದ್ದೆ. ಹೊಟ್ಟೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಓಡಿಹೋಗಿ ನಮ್ಮ ಸಾರ್ಜೆಂಟರಿಗೆ ಹೇಳಿದೆ, ಅವರು ಒಂದು ಮಾತೂ ಆಡದೆ ಟವರಿಗೆ ತಿಳಿಸಿದರು, ವಿಮಾನ ಹಿಂತಿರುಗಿತು. ಎರಡು ಗಂಟೆ ಒಂದೊಂದೇ ಮುಚ್ಚಳ ಬಿಚ್ಚಿ ಹುಡುಕಿದೆವು. ಕೊನೆಗೆ ಅದು ಸಿಕ್ಕಿದ್ದು ಟ್ರಾಲಿಯ ತಾಡಪತ್ರಿಯ ಮಡಿಕೆಯಲ್ಲಿ. ನನಗೆ ಹೆಚ್ಚುವರಿ ಕಾವಲು ಡ್ಯೂಟಿ ಬಿತ್ತು, ಅದು ನ್ಯಾಯವೇ. ಹಾರಾಟ ತಪ್ಪಿಸಿಕೊಂಡ ಆ ಪೈಲಟ್ ಎಲ್ಲರೆದುರು ನನ್ನನ್ನು ಬೈದರು, ಅದೂ ನ್ಯಾಯವೇ. ಮರುದಿನ ಅದೇ ವಿಮಾನಕ್ಕೆ ಬಂದಾಗ ಅವರು ಫಾರ್ಮ್ 700ರ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದರು, ನನ್ನ ಸಹಿಯ ಹತ್ತಿರ ಬೆರಳು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಸಹಿ ಹಾಕಿದರು. ಆ ನೋಟ ಈಗಲೂ ನನಗೆ ಕಾಣಿಸುತ್ತದೆ, ಸರ್.

ಪ್ಯಾರಾಶೂಟ್ ವಿಚಾರ ಕೇಳಿದ್ದೀಯಲ್ಲ, ತಮ್ಮಾ. ಮಿಗ್-21ರ ರೆಕ್ಕೆ ಸಣ್ಣ ತ್ರಿಕೋನ, ಈ ತುದಿಯಿಂದ ಆ ತುದಿಗೆ ಏಳು ಮೀಟರಿಗೆ ತುಸು ಹೆಚ್ಚು. ಅಷ್ಟು ಚಿಕ್ಕ ರೆಕ್ಕೆ ಕಡಿಮೆ ವೇಗದಲ್ಲಿ ವಿಮಾನವನ್ನು ಎತ್ತಿ ಹಿಡಿಯಲಾರದು, ಆದ್ದರಿಂದ ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರಿಗಿಂತ ಹೆಚ್ಚಿನ ವೇಗ ಇರಲೇಬೇಕು. ಬರೀ ಚಕ್ರದ ಬ್ರೇಕಿಗೆ ಅದು ಭಾರಿ ಹೊರೆ. ಚಕ್ರ ನೆಲ ಮುಟ್ಟಿದೊಡನೆ ಬಾಲದ ಬುಡದ ಗೂಡಿನಿಂದ ಪ್ಯಾರಾಶೂಟ್ ಹೊರಬಿದ್ದು ಬಿಚ್ಚಿಕೊಂಡು ಹಿಂದಕ್ಕೆ ಜಗ್ಗುತ್ತದೆ. ನಾವು ಅದನ್ನು ಟೇಲ್ ಶೂಟ್ ಎನ್ನುತ್ತಿದ್ದೆವು. ರನ್‌ವೇ ಬಿಡುವಾಗ ಪೈಲಟ್ ಅದನ್ನು ಕಳಚಿ ಹಾಕುತ್ತಾರೆ, ಹಿಂದಿನಿಂದ ಗಾಡಿಯಲ್ಲಿ ಹೋಗುವ ಹುಡುಗರು ಬಾಚಿಕೊಂಡು ತಂದು, ಧೂಳು ಕೊಡವಿ, ಮತ್ತೆ ಮಡಿಚಿ ತುಂಬಬೇಕು. ವಿಡಿಯೋದಲ್ಲಿ ಅದು ಹೂ ಅರಳಿದಂತೆ ಚೆಂದ ಕಾಣುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಬಾಚಿ ತಂದವರನ್ನು ಕೇಳಿದರೆ ಬೇರೆ ಮಾತು ಹೇಳಿಯಾರು.

ಮತ್ತೊಂದು ಮಾತು. ನೀನು ಹಾಕಿದ ವಿಡಿಯೋಕ್ಕೆ ಯಾರೋ ಸಿನಿಮಾ ಹಾಡು ಅಂಟಿಸಿದ್ದಾರೆ. ರೀಹೀಟ್ ಹೊತ್ತುವಾಗ ಬರುವ ಆ ಸದ್ದು ಕಿವಿಗೆ ಬೀಳುವುದಕ್ಕಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ, ಇಯರ್ ಡಿಫೆಂಡರ್ ಹಾಕಿಕೊಂಡಿದ್ದರೂ ಹಲ್ಲು ನಡುಗುತ್ತದೆ. ಅದನ್ನು ತೆಗೆದು ತಬಲಾ ಹಾಕಿದರೆ ಮಿಗ್‌ನಲ್ಲಿ ಉಳಿಯುವುದು ಏನು? ಸರ್ ಹಾಕಿದ ವಿಡಿಯೋ ನೋಡು. ಚಿತ್ರ ಮಸುಕಾಗಿದೆ, ಗೆರೆ ಬಿದ್ದಿದೆ, ಆದರೆ ಮಾಸ್ಕಿನೊಳಗಿನ ಉಸಿರೂ ಕಿರಣ್‌ನ ವೈಪರ್ ಎಂಬ ಎಂಜಿನ್ನಿನ ಧ್ವನಿಯೂ ಹಾಗೆಯೇ ಇವೆ.

ಅದೇ ಧ್ವನಿ ನನ್ನನ್ನು ಈಗ ಇಷ್ಟು ಮಾತಾಡಿಸುತ್ತಿರುವುದು. ಸರ್, ಬೀದರಿಗೆ ನಾನು ವರ್ಗವಾಗಿ ಬಂದ ಮೇಲೆ, ಒಮ್ಮೆ ತಾವೇ ನನ್ನನ್ನು ಕಿರಣ್‌ನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹಾರಿದ್ದು ತಮಗೆ ನೆನಪಿದೆಯೋ ಇಲ್ಲವೋ. ತಮಗೆ ಅದು ಸಾವಿರಾರು ಹಾರಾಟಗಳಲ್ಲಿ ಒಂದು, ನನಗೆ ಜೆಟ್‌ನೊಳಗೆ ಕೂತು ಹಾರಿದ್ದು ಅದೊಂದೇ. ಜೊತೆಯ ಹುಡುಗರು ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದರು, ಅಪಾಯದಲ್ಲಿ ಕೂತವರನ್ನು ಹೊರಗೆಸೆಯುವ ಆ ಸೀಟಿನ ಸುರಕ್ಷತಾ ಪಿನ್ನುಗಳನ್ನು ತೆಗೆದು ನನ್ನ ಕಣ್ಣೆದುರು ಹಿಡಿದು ತೋರಿಸಿದರು, ನಾನು ಎಷ್ಟೋ ಜನರಿಗೆ ತೋರಿಸಿದ್ದ ಹಾಗೆಯೇ. ಮಾಸ್ಕಿನ ರಬ್ಬರ್ ವಾಸನೆ, ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು. ವರ್ಷಗಟ್ಟಲೆ ಹೊರಗೆ ನಿಂತು ಕಿವಿ ಹರಿದುಹೋಗುವಂತೆ ಕೇಳಿದ್ದ ಎಂಜಿನ್, ಒಳಗೆ ಕೂತಾಗ ಎಲ್ಲೋ ಹಿಂದೆ ಗಿರಣಿ ನಡೆಯುತ್ತಿರುವಂತೆ ಮೆತ್ತಗೆ ಗುನುಗುತ್ತಿತ್ತು. ಇಷ್ಟು ಕಡಿಮೆ ಸದ್ದಿದ್ದರೆ ಏನೋ ಕೆಟ್ಟಿದೆ ಎಂದೇ ನನಗನ್ನಿಸಿತು. ಜೆಟ್ ಪೈಪಿನ ಉಷ್ಣತೆ ತೋರಿಸುವ ಮುಳ್ಳನ್ನು ಬಿಟ್ಟು ನನ್ನ ಕಣ್ಣು ಕದಲಲಿಲ್ಲ. ಕೆಳಗೆ ಬೀದರಿನ ಕೋಟೆ ಬಂತು, ಕಾರಂಜಾ ಜಲಾಶಯ ತಗಡಿನಂತೆ ಹೊಳೆಯಿತು, ನಾನು ಮುಳ್ಳನ್ನೇ ನೋಡುತ್ತಿದ್ದೆ. ಆಗ ತಾವು, ‘ಎಂಜಿನ್ ಓಡುತ್ತದೆ, ಸಹಿ ಮಾಡಿದವರು ನೀವೇ ಅಲ್ಲವೇ? ಹೊರಗೆ ನೋಡಿ’ ಎಂದಿರಿ.

ಹೊರಗೆ ನೋಡಿದ ಮರುಕ್ಷಣವೇ ತಾವು ಲೂಪ್ ಎಳೆದಿರಿ, ಅಂದರೆ ವಿಮಾನವನ್ನು ಮೇಲಕ್ಕೆಳೆದು ಆಕಾಶದಲ್ಲಿ ಪೂರ್ತಿ ಒಂದು ಪಲ್ಟಿ ಹೊಡೆಸಿದಿರಿ. ತಮ್ಮಾ, ಜೆಟ್‌ನಲ್ಲಿ ಕೂತರೆ ಹೇಗಿರುತ್ತದೆ ಎಂದು ಕೇಳಿದೆಯಲ್ಲ, ವಿಡಿಯೋದಲ್ಲಿ ಬರದೇ ಹೋಗುವುದು ಇದೇ. ಅಲ್ಲಿ ನಿನಗೆ ಕಾಣುವುದು ದಿಗಂತ ತಿರುಗಿದ್ದು ಮಾತ್ರ. ನನ್ನ ತೂಕ ಆಗ 62 ಕಿಲೋ. ಆ ಎಳೆತದಲ್ಲಿ ಮೈ ನಾಲ್ಕು ಪಟ್ಟು ಭಾರವಾಗಿ, ನಾನು ಎರಡೂವರೆ ಕ್ವಿಂಟಲ್ ಜೋಳದ ಚೀಲವಾಗಿ ಸೀಟಿನಲ್ಲಿ ಕುಸಿದಿದ್ದೆ. ತೊಡೆಯ ಮೇಲಿನ ಕೈಯನ್ನು ಎತ್ತಲು ಹೋದರೆ ಏಳಲೊಲ್ಲದು. ಕೆನ್ನೆ ಜೋತುಬಿದ್ದವು, ಕಣ್ಣಿನ ಅಂಚು ಬೂದಿಬಣ್ಣವಾಗತೊಡಗಿತು. ನೆತ್ತಿಯ ಮೇಲೆ ನೆಲ ಬಂದಾಗ ಭಾರವೆಲ್ಲ ಇಳಿದು, ಪಟ್ಟಿಯ ತುದಿಯೊಂದು ನನ್ನ ಮುಂದೆ ಹಾವಿನ ಹೆಡೆಯಂತೆ ಮೆಲ್ಲನೆ ಮೇಲೆದ್ದು ನಿಂತಿತು. ಬೆಳಗ್ಗೆ ಎರಡೇ ಇಡ್ಲಿ ತಿಂದಿದ್ದೆ, ಅವುಗಳ ಗತಿ ಏನಾಯಿತು ಎಂಬುದು ಸರ್‌ಗೂ ನನಗೂ ಮಾತ್ರ ಗೊತ್ತಿದ್ದರೆ ಸಾಕು.

ಈಗ ನನ್ನ ಕೋರಿಕೆಗೆ ಬರುತ್ತೇನೆ, ಸರ್. ಆ ಹಾರಾಟದ ತಾರೀಖು ನನ್ನ ಬಳಿ ಇಲ್ಲ. ನಮ್ಮ ಸಹಿಗಳೆಲ್ಲ ಫಾರ್ಮ್ 700ರಲ್ಲಿ ಉಳಿದವು, ಆ ಪುಸ್ತಕಗಳು ವಿಮಾನದ ಜೊತೆಗೆ ಹೋದವು. ತಾನು ಹಾರಿದ್ದನ್ನು ಬರೆದಿಡುವ ಪುಸ್ತಕ ಫಿಟ್ಟರನಿಗೆ ಇರುವುದಿಲ್ಲ. ಆದರೆ ಪೈಲಟ್ಟರ ಲಾಗ್‌ಬುಕ್ಕಿನಲ್ಲಿ ಪ್ರತಿ ಹಾರಾಟದ ದಿನ, ವಿಮಾನದ ಸಂಖ್ಯೆ, ಜೊತೆಗಿದ್ದವರ ಹೆಸರು ಇರುತ್ತದಲ್ಲವೇ? ಆ ಕ್ಯಾಸೆಟ್ಟನ್ನು ಇಷ್ಟು ವರ್ಷ ಕಾಪಾಡಿದವರು ಲಾಗ್‌ಬುಕ್ಕನ್ನೂ ಇಟ್ಟಿರುತ್ತೀರಿ. 1995 ಅಥವಾ 1996 ಇರಬೇಕು. ಇಳಿಯಲು ತಗ್ಗಿ ಬರುವಾಗ ರನ್‌ವೇ ಆಚೆಯ ಹೊಲಗಳಲ್ಲಿ ತೊಗರಿ ಹೂಬಿಟ್ಟು ಹಳದಿಯಾಗಿದ್ದುದು ನನಗೆ ಚೆನ್ನಾಗಿ ನೆನಪಿದೆ, ಆದ್ದರಿಂದ ನವೆಂಬರ್, ಡಿಸೆಂಬರ್ ಪುಟಗಳನ್ನು ಮಾತ್ರ ನೋಡಿದರೆ ಸಾಕು. ಬೆಳಗಿನ ಎರಡನೆಯ ಹಾರಾಟ, ಸುಮಾರು ನಲವತ್ತು ನಿಮಿಷ. ಸಿಕ್ಕರೆ ಆ ಪುಟದ ಒಂದು ಫೋಟೋ ತೆಗೆದು ಇಲ್ಲಿಗೇ ಹಾಕಿಬಿಡಿ, ಸರ್.