ಸಿದ್ಧ ನಕ್ಷೆ ಕೊಂಡು ಎರಡಂತಸ್ತಿನ ಮನೆ ಕಟ್ಟಿಸುವುದು: ಅನುಭವ ಹಂಚಿಕೆ

ಪ್ರಶ್ನೆ: ದಾವಣಗೆರೆಯ ಹೊರಬಡಾವಣೆಯೊಂದರಲ್ಲಿ ನಮಗೆ ಪೂರ್ವಾಭಿಮುಖವಾದ 30×40 ಅಡಿಯ ನಿವೇಶನವಿದೆ. ತಂದೆ-ತಾಯಿ, ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಒಟ್ಟಿಗಿರಲು ಕೆಳಗೂ ಮೇಲೂ ಸೇರಿ ಒಂದೇ ಮನೆ ಕಟ್ಟಿಸಬೇಕೆಂದಿದ್ದೇವೆ. ಮಾರಾಟಕ್ಕಿರುವ ಸಿದ್ಧ ನಕ್ಷೆಯನ್ನು ಕೊಳ್ಳಬಹುದೇ? ಕೊಂಡು ಕಟ್ಟಿಸಿದವರು ದಯವಿಟ್ಟು ತಿಳಿಸಿ.

ವಿದ್ಯಾನಗರ, ದಾವಣಗೆರೆಯಿಂದ:
ನಾವು ಸಿದ್ಧ ನಕ್ಷೆಯನ್ನೇ ಕೊಂಡು ಕಟ್ಟಿಸಿದೆವು, ಅದರಿಂದ ಉಪಯೋಗವೂ ಆಯಿತು. ಖಾಲಿ ನಿವೇಶನದಲ್ಲಿ ನಿಂತು ಏನನ್ನೂ ಹೇಳಲಾರದ ಮನೆಮಂದಿ, ಹಾಳೆಯೊಂದು ಮುಂದಿದ್ದರೆ "ಈ ಕೋಣೆ ಇಲ್ಲಿ ಬೇಡ" ಎಂದು ಧೈರ್ಯವಾಗಿ ಹೇಳುತ್ತಾರೆ. ಆದರೆ ನಕ್ಷೆಯ ತಲೆಯ ಮೇಲಿರುವ 30×40 ಎಂಬುದು ನಿವೇಶನದ ಅಳತೆಯೋ ಕಟ್ಟಡದ ಅಳತೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಸುತ್ತ ಎಷ್ಟು ಜಾಗ ಬಿಡಬೇಕೆಂಬುದನ್ನು ಪರವಾನಗಿ ಕೊಡುವ ಕಚೇರಿಯಲ್ಲಿ ವಿಚಾರಿಸಬೇಕು. ಲೆಕ್ಕಕ್ಕಾಗಿ ಎಲ್ಲ ಕಡೆ ಮೂರು ಅಡಿ ಎಂದುಕೊಂಡರೂ ಕಟ್ಟಲು ಉಳಿಯುವುದು 24×34 ಅಡಿ, ಅಂದರೆ 816 ಚದರ ಅಡಿ. ಎರಡೂ ಬದಿಯ ಒಂಬತ್ತು ಇಂಚಿನ ಗೋಡೆಗಳನ್ನು ಕಳೆದರೆ ಒಳಗೆ ಸಿಗುವ ಅಗಲ ಇಪ್ಪತ್ತೆರಡೂವರೆ ಅಡಿ ಮಾತ್ರ. ಹೊರದೇಶದ ಅನೇಕ ನಕ್ಷೆಗಳು ಮರದ ಚೌಕಟ್ಟಿನ ತೆಳುಗೋಡೆಗಳಿಗಾಗಿ ಬರೆದವು. ಅವನ್ನು ಇಟ್ಟಿಗೆಗೆ ಇಳಿಸಿದಾಗ ಪ್ರತಿ ಕೋಣೆಯೂ ಒಂದಿಷ್ಟು ಕುಗ್ಗುತ್ತದೆ.

ನಕ್ಷೆಯ ಯೋಗ್ಯತೆ ನನ್ನ ಮಟ್ಟಿಗೆ ತಿಳಿಯುವುದು ಮೆಟ್ಟಿಲುಗಳಲ್ಲಿ. ಮುಂಭಾಗದ ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು ಮೆಟ್ಟಿಲು ಎಣಿಸಿ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು ಇದ್ದರೆ, ಏಳಿಂಚಿನ ಹದಿನೆಂಟು ಮೆಟ್ಟಿಲುಗಳು ಬೇಕು. ಹತ್ತಿಂಚಿನ ಹೆಜ್ಜೆಯಿಟ್ಟು, ಮಧ್ಯೆ ಮೂರಡಿಯ ತಂಗುಕಟ್ಟೆ ಕೊಟ್ಟು ತಿರುಗಿಸಿದರೆ, ಅದಕ್ಕೆ ಸುಮಾರು ಹತ್ತು ಅಡಿ ಉದ್ದ, ಆರೂವರೆ ಅಡಿ ಅಗಲದ ಜಾಗ ಹೋಗುತ್ತದೆ. ನಕ್ಷೆಯಲ್ಲಿ ಹದಿನಾಲ್ಕೇ ಮೆಟ್ಟಿಲುಗಳಿದ್ದರೆ ಒಂದೊಂದೂ ಒಂಬತ್ತು ಇಂಚು ಎತ್ತರವಾಯಿತೆಂದು ಅರ್ಥ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಒಪ್ಪುವ ಮಿತಿ 190 ಮಿಲಿಮೀಟರ್, ಎಂದರೆ ಏಳೂವರೆ ಇಂಚು. ಹಾಲ್ ದೊಡ್ಡದಾಗಿ ಕಾಣುವ ಎಷ್ಟೋ ನಕ್ಷೆಗಳಲ್ಲಿ ಆ ಜಾಗ ಬಂದಿರುವುದು ಮೆಟ್ಟಿಲಿನಿಂದಲೇ. ಅಂದಹಾಗೆ, ತಂದೆ-ತಾಯಿಯರ ಮಲಗುವ ಕೋಣೆ ಮತ್ತು ಅದಕ್ಕೆ ಹೊಂದಿಕೊಂಡ ಬಚ್ಚಲು ಕೆಳಗೇ ಇರಲಿ. ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹರಿಹರದಿಂದ:
ನಕ್ಷೆ ಮಾರುವವರು "ಬೇಕಿದ್ದರೆ ಎಡಬಲ ಮಗುಚಿ ಕೊಡುತ್ತೇವೆ" ಎನ್ನುತ್ತಾರೆ. ಪೂರ್ವದ ಬಾಗಿಲಿನ ನಕ್ಷೆಯನ್ನು ಹಾಗೆ ಮಗುಚಿದರೆ ಬಾಗಿಲೇನೋ ಪೂರ್ವಕ್ಕೇ ಉಳಿಯುತ್ತದೆ, ಆದರೆ ಆಗ್ನೇಯದ ಅಡುಗೆಮನೆ ಈಶಾನ್ಯಕ್ಕೂ ಈಶಾನ್ಯದ ದೇವರಮನೆ ಆಗ್ನೇಯಕ್ಕೂ ಹೋಗುತ್ತವೆ. ವಾಸ್ತುವನ್ನು ನಂಬುವುದು ಬಿಡುವುದು ನಿಮ್ಮ ಇಚ್ಛೆ. ಮನೆಯಲ್ಲಿ ಹಿರಿಯರಿರುವುದರಿಂದ ಈ ಚರ್ಚೆ ಪಾಯ ತೆಗೆಯುವ ಮೊದಲೇ ಮುಗಿಯುವುದು ಒಳ್ಳೆಯದು.

ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆಯಿಂದ:
ಸಿದ್ಧ ನಕ್ಷೆಗೆ ನಿಮ್ಮ ಮಣ್ಣಿನ ಪರಿಚಯವಿರುವುದಿಲ್ಲ. ನಮ್ಮ ಕಡೆ ಎರೆಮಣ್ಣು ಸಾಮಾನ್ಯ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕಿದರೆ ಗೋಡೆಗಳಲ್ಲಿ ಓರೆ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ನಿವೇಶನದಲ್ಲಿ ಗುಂಡಿ ತೋಡಿಸಿ, ಗಟ್ಟಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆಂದು ನೋಡಿ, ಪಾಯ, ಕಾಲಂ, ಬೀಮು ಮತ್ತು ಕಬ್ಬಿಣದ ವಿವರಗಳನ್ನು ಊರಿನ ಇಂಜಿನಿಯರರಿಂದ ಹೊಸದಾಗಿ ಬರೆಸಿ. ಈ ಖರ್ಚು ಹೇಗೂ ಇರುವುದರಿಂದ, ಸಿದ್ಧ ನಕ್ಷೆಯಲ್ಲಿ ಉಳಿಯುವ ಹಣ ಜಾಹೀರಾತಿನಲ್ಲಿ ಹೇಳುವಷ್ಟೇನೂ ಅಲ್ಲ.

ಮೇಲಿನ ಅಂತಸ್ತಿನ ಹಾಳೆಯನ್ನು ಕೆಳಗಿನದರ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಮೇಲಿನ ಬಚ್ಚಲು ಕೆಳಗಿನ ಬಚ್ಚಲಿನ ಮೇಲೆಯೇ ಬರಬೇಕು, ಇಲ್ಲವಾದರೆ ಪೈಪುಗಳು ಊಟದ ಕೋಣೆಯ ತಲೆಯ ಮೇಲೆ ಹಾಯುತ್ತವೆ. ಮೇಲಿನ ಗೋಡೆಯ ಕೆಳಗೆ ಗೋಡೆಯಾಗಲಿ ಬೀಮಾಗಲಿ ಇರಲೇಬೇಕು.

ಚಿತ್ರದುರ್ಗದಿಂದ:
ನಮ್ಮಲ್ಲಿ ಸಮಸ್ಯೆ ತಿರುವುಮುರುವು. ಅನೇಕ ಕಡೆ ಸ್ವಲ್ಪ ಅಗೆದರೆ ಬಂಡೆ ಸಿಗುತ್ತದೆ, ಪಾಯಕ್ಕೆ ಅದು ವರ, ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪು ತೋಡುವುದಕ್ಕೆ, ಶಾಪ. ನೀವು ಕೊಳ್ಳುವ ನಕ್ಷೆಯಲ್ಲಿ ಸಂಪು ಎಲ್ಲಿದೆಯೆಂದು ನೋಡಿ; ಬಹುಶಃ ಇರುವುದೇ ಇಲ್ಲ. ನಲ್ಲಿ ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ಆರು ಜನರ ಮನೆಗೆ ಆರಡಿ ಉದ್ದ, ಅಗಲ, ಆಳದ ಸಂಪು ಹೆಚ್ಚೇನಲ್ಲ. ಅದರಲ್ಲಿ ಸುಮಾರು ಆರು ಸಾವಿರ ಲೀಟರ್ ನಿಲ್ಲುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆಯ ಬೆನ್ನು ಪಡುವಣಕ್ಕೆ ಬರುತ್ತದೆ. ಏಪ್ರಿಲ್ ತಿಂಗಳ ಇಳಿಬಿಸಿಲು ಸಜ್ಜಾದ ಅಡಿಯಿಂದಲೇ ನುಗ್ಗುವುದರಿಂದ ಮೇಲಂತಸ್ತಿನ ಹಿಂದಿನ ಕೋಣೆ ರಾತ್ರಿಯವರೆಗೂ ಕಾದಿರುತ್ತದೆ. ಆ ಬದಿಗೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಇರುವ ನಕ್ಷೆಯನ್ನು ಆರಿಸಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ನಾವು ಮೆಚ್ಚಿದ್ದ ನಕ್ಷೆಯಲ್ಲಿ ಮೆಟ್ಟಿಲು ಹದಿನೈದೇ ಇವೆ, ಸಂಪು ಇಲ್ಲ. ಹಾಲ್‌ನಿಂದ ಎರಡಡಿ ತೆಗೆದರೆ ಸರಿಹೋದೀತೇ?

ವಿದ್ಯಾನಗರದಿಂದ:
ಎರಡಡಿ ತೆಗೆದಾಗ ಕಾಲಂಗಳ ಜಾಗವೂ ಬದಲಾಗುತ್ತದೆ. ಹಣ ಕೊಡುವ ಮೊದಲು, ತಿದ್ದಲು ಬರುವ ಕ್ಯಾಡ್ ಕಡತವನ್ನು ಕೊಡುತ್ತಾರೋ ಬರೀ ಪಿಡಿಎಫ್ ಕೊಡುತ್ತಾರೋ ಎಂದು ಲಿಖಿತವಾಗಿ ಕೇಳಿ. ಬರೀ ಪಿಡಿಎಫ್ ಆದರೆ ಆ ನಕ್ಷೆ ಬೇಡ. ನಿಮ್ಮ ಇಂಜಿನಿಯರರು ಅದನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.