ಮುದ್ದೆ ಗಂಟಾಗುತ್ತೆ, ಬಸ್ಸಾರು ನೀರಾಗುತ್ತೆ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಾಲ್ಕು ಜನರ ರಾತ್ರಿ ಊಟಕ್ಕೆ ರಾಗಿಮುದ್ದೆ, ಬಸ್ಸಾರು, ಅದರದೇ ಪಲ್ಯ ಮಾಡಬೇಕು. ತೊಗರಿಬೇಳೆ, ದಂಟಿನ ಸೊಪ್ಪು ಇದೆ. ಮುದ್ದೆ ಮುರಿದರೆ ಒಳಗೆ ಒಣಹಿಟ್ಟಿನ ಗಂಟು. ಸಾರಿನಲ್ಲಿ ನೀರು ಮೇಲೆ, ಮಸಾಲೆ ಕೆಳಗೆ. ಕುಕ್ಕರಿನಲ್ಲಿ ಬೇಳೆ ಕರಗಿಹೋಗಿ ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ಅಳತೆ ಸಮೇತ ತಿಳಿಸಿ.

ಮಂಡ್ಯದಿಂದ: ಮೊದಲು ಕುಕ್ಕರ್ ಪಕ್ಕಕ್ಕಿಡಿ. ಬಸಿದ ಸಾರೇ ಬಸ್ಸಾರು, ಕರಗಿದ ಬೇಳೆಯಿಂದ ಬಸಿಯೋದಕ್ಕೆ ಏನಿರುತ್ತೆ? ಲೋಟ ಅಂದರೆ 200 ಮಿಲಿ ಅಂದುಕೊಳ್ಳಿ. ಅಗಲ ಪಾತ್ರೆಯಲ್ಲಿ 6 ಲೋಟ ನೀರು ಕುದಿಸಿ, ತೊಳೆದ ಬೇಳೆ ಮುಕ್ಕಾಲು ಲೋಟ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ. ಎಣ್ಣೆ ಹಾಕದಿದ್ದರೆ ನೊರೆ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುತ್ತೆ. ಹದಿನೈದು ನಿಮಿಷಕ್ಕೆ ಒಂದು ಬೇಳೆ ತೆಗೆದು ಹಿಸುಕಿ ನೋಡಿ. ನಡುವೆ ಚೂರು ಗಟ್ಟಿ ಇರುವಾಗಲೇ ಹೆಚ್ಚಿದ ಸೊಪ್ಪು 4 ಲೋಟದಷ್ಟು, ಉಪ್ಪು ಹಾಕಿ. ಎಳೆ ದಂಟನ್ನೂ ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ ಸೇರಿಸಿ, ಬಲಿತಿದ್ದರೆ ನಾರು ತೆಗೆದು ಸೊಪ್ಪಿಗಿಂತ ಐದು ನಿಮಿಷ ಮುಂಚೆ ಹಾಕಿ. ಮುಚ್ಚಳ ಮುಚ್ಚಬೇಡಿ, ಸೊಪ್ಪಿನ ಬಣ್ಣ ಕೆಡುತ್ತೆ. ಆರೇಳು ನಿಮಿಷ ಸಾಕು. ಆಮೇಲೆ ತೂತಿನ ಪಾತ್ರೆಗೆ ಬಸಿಯಿರಿ. ಕೆಳಗೆ ಇಳಿದ ಕಟ್ಟು ಹತ್ತಿರ ಹತ್ತಿರ 4 ಲೋಟ ಇರಬೇಕು, ಕಡಿಮೆ ಇದ್ದರೆ ಬಿಸಿನೀರು ಸೇರಿಸಿ.

ಹುಣಸೆಹಣ್ಣನ್ನು ಬೇಳೆ ಬೇಯುವ ನೀರಿಗೆ ಯಾವತ್ತೂ ಹಾಕಬೇಡಿ. ಹುಳಿ ಬಿದ್ದ ನೀರಿನಲ್ಲಿ ಬೇಳೆ ಬೇಯದೆ ಹಟ ಹಿಡಿಯುತ್ತೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಬೇಯೋದು ತಡ, ಕುಡಿಯುವ ನೀರನ್ನೇ ಬಳಸಿ.

ಹಾಸನದಿಂದ: ಸಾರು ಒಡೆದಂತೆ ಕಾಣೋದಕ್ಕೆ ಕಾರಣ ಒಂದೇ, ಮಸಾಲೆಯಲ್ಲಿ ಹಿಡಿತ ಇಲ್ಲ. ಬಸಿದ ಬೇಳೆ-ಸೊಪ್ಪಿನಲ್ಲಿ ಎರಡು ಸೌಟು ತೆಗೆದು ಮಸಾಲೆ ಜೊತೆಗೇ ರುಬ್ಬಬೇಕು. ಇದನ್ನು ಬಿಟ್ಟರೆ ಎಷ್ಟು ಕಾಯಿ ಹಾಕಿದರೂ ಸಾರು ತಿಳಿಯಾಗೇ ಇರುತ್ತೆ.

ಬ್ಯಾಡಗಿ 4, ಗುಂಟೂರು ಮೆಣಸಿನಕಾಯಿ 2, ಧನಿಯಾ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 6. ಇಷ್ಟನ್ನೂ ಹನಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ, ಧನಿಯಾ ಕಪ್ಪಾದರೆ ಸಾರು ಕಹಿ. ಅದೇ ಬಾಣಲೆಗೆ ಒಂದು ಈರುಳ್ಳಿ, 8 ಎಸಳು ಬೆಳ್ಳುಳ್ಳಿ ಹಾಕಿ ಬಾಡಿಸಿ. ಕಾಯಿತುರಿ ಕಾಲು ಲೋಟ, ಗೋಲಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಹತ್ತು ನಿಮಿಷ ಕುದಿಸಿ. ಒಗ್ಗರಣೆಗೆ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ನಾಲ್ಕು. ಇಂಗು ಬೇಡ, ಬೆಳ್ಳುಳ್ಳಿ ಇರುವ ಕಡೆ ಅದಕ್ಕೇನು ಕೆಲಸ?

ಮಿಕ್ಕ ಬೇಳೆ-ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೊಂದು ಹಿಡಿ ಕಾಯಿ. ಪಲ್ಯ ಆಯಿತು.

ತುಮಕೂರಿನಿಂದ: ಈರುಳ್ಳಿ ಬಾಡಿಸೋದು ಅವರವರ ರುಚಿ. ಕೆಂಡದಲ್ಲಿ ಅಥವಾ ಗ್ಯಾಸಿನ ಉರಿಯಲ್ಲಿ ಸಿಪ್ಪೆ ಸಮೇತ ಈರುಳ್ಳಿ, ಬೆಳ್ಳುಳ್ಳಿ ಸುಟ್ಟು ರುಬ್ಬಿ ನೋಡಿ, ಆ ಘಮವೇ ಬೇರೆ.

ಮುದ್ದೆ ವಿಷಯಕ್ಕೆ ಬರೋಣ. 4 ಲೋಟ ನೀರಿಗೆ 2 ಲೋಟ ಹಿಟ್ಟು, ನಾಲ್ಕು ಮಧ್ಯಮ ಮುದ್ದೆ. ಹೊಸ ರಾಗಿಯ ಹಿಟ್ಟಾದರೆ ನೀರು ಕಾಲು ಲೋಟ ತಗ್ಗಿಸಿ. ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ನೀರಿಗೆ ಬಿಟ್ಟು ಕುದಿಸಿ, ಚಿಟಿಕೆ ಉಪ್ಪು. ಚೆನ್ನಾಗಿ ಮರಳುವಾಗ ಮಿಕ್ಕ ಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿಯಿರಿ. ಇಲ್ಲೇ ಎಲ್ಲರೂ ತಪ್ಪೋದು: ಸುರಿದ ಕೂಡಲೇ ಕೈಯಾಡಿಸುತ್ತಾರೆ. ಬೇಯದ ಹಿಟ್ಟಿನ ಉಂಡೆಗೆ ಹೊರಗಡೆ ಅಂಟಿನ ಪದರ ಹಿಡಿಯುತ್ತೆ, ಆಮೇಲೆ ನೀರು ಒಳಗೆ ಹೋಗುವುದೇ ಇಲ್ಲ. ಅದೇ ನಿಮ್ಮ ಗಂಟು. ಮುಟ್ಟದೆ ಉರಿ ತಗ್ಗಿಸಿ, ಕೋಲಿನಿಂದ ಗುಡ್ಡೆಗೆ ಎರಡು ಮೂರು ತೂತು ಮಾಡಿ, ಐದಾರು ನಿಮಿಷ ಬಿಡಿ. ತೂತಿನಿಂದ ನೀರು ಉಕ್ಕಿ ಹಿಟ್ಟು ನೆನೆಯಬೇಕು. ಆಗ ಪಾತ್ರೆ ಕೆಳಗಿಳಿಸಿ, ಅದು ಅಲ್ಲಾಡದಂತೆ ಕವೆಗೋಲಿನಲ್ಲಿ (ಕವಲಿರುವ ಕೋಲು) ಒತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಾ ತೊಳಸಿ. ಗಂಟು ಒಡೆಯೋದು ಅಂಚಿಗೆ ಉಜ್ಜಿದಾಗಲೇ, ಸುಮ್ಮನೆ ಸುತ್ತಿಸಿದರೆ ಅಲ್ಲ. ಮತ್ತೆ ಒಲೆಗಿಟ್ಟು ಸುತ್ತ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ಎರಡು ನಿಮಿಷ ಹಬೆಯಲ್ಲಿಡಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಒದ್ದೆ ತಟ್ಟೆಗೆ ಸುರಿದು ಬಿಸಿ ಇರುವಾಗಲೇ ಕೈ ನೀರಲ್ಲದ್ದುತ್ತಾ ಉಂಡೆ ಕಟ್ಟಿ.

ಪ್ರಶ್ನೆ ಕೇಳಿದವರು: ಕವೆಗೋಲು ಇಲ್ಲ. ಹಿಟ್ಟಿನ ಪ್ಯಾಕೆಟ್ ಮೇಲೆ ಮೊಳಕೆ ರಾಗಿ ಅಂತಿದೆ, ಪರವಾಗಿಲ್ಲವೇ?

ತುಮಕೂರಿನಿಂದ: ಅದು ಬೇಡ! ಮೊಳಕೆ ಬಂದಾಗ ರಾಗಿಯ ಪಿಷ್ಟ ಒಡೆಯಲು ಶುರುವಾಗಿರುತ್ತೆ. ಹಿಟ್ಟು ಬೇಯುತ್ತಾ ತೆಳುವಾಗುತ್ತೆ, ಸಿಹಿಯಾಗುತ್ತೆ, ಉಂಡೆ ನಿಲ್ಲೋದಿಲ್ಲ. ಮಗುವಿನ ರಾಗಿ ಸರಿಗೆ (ಗಂಜಿಗೆ) ಇಟ್ಟುಕೊಳ್ಳಿ. ಮುದ್ದೆಗೆ ಸಾದಾ ಹಿಟ್ಟು. ಕವೆಗೋಲಿಲ್ಲದಿದ್ದರೆ ಪಾತ್ರೆಯನ್ನು ಒದ್ದೆ ಬಟ್ಟೆಯ ಮೇಲೆ ನೆಲಕ್ಕಿಟ್ಟು, ಇನ್ನೊಬ್ಬರು ಇಕ್ಕಳದಿಂದ ಗಟ್ಟಿ ಹಿಡಿಯಲಿ. ಗಾಜಿನ ಒಲೆಯ ಮೇಲಿಟ್ಟೇ ತೊಳಸೋಕೆ ಹೋಗಬೇಡಿ, ಗಾಜು ಬಿರುಕು ಬಿಟ್ಟೀತು.

ಕೋಲಾರದಿಂದ: ಕೈ ಪಳಗುವವರೆಗೆ ನುಚ್ಚಕ್ಕಿ ಹಾಕಿ ಮಾಡಿ, ನಮ್ಮ ಕಡೆ ಹಾಗೇ ರೂಢಿ. ಅರ್ಧ ಲೋಟ ನುಚ್ಚನ್ನು 5 ಲೋಟ ನೀರಲ್ಲಿ ಮೆತ್ತಗೆ ಬೇಯಿಸಿ, ಅದರ ಮೇಲೆ ಒಂದೂಮುಕ್ಕಾಲು ಲೋಟ ಹಿಟ್ಟು. ಅನ್ನದ ಅಗುಳು ನಡುವೆ ಇರುವುದರಿಂದ ಹಿಟ್ಟು ಬಿಡಿಯಾಗಿ ನೆನೆಯುತ್ತೆ, ಗಂಟು ಕಡಿಮೆ. ಅಗುಳು ಕಾಣುತ್ತೆ, ಅಷ್ಟೇ.

ಹಾಸನದಿಂದ: ಒಂದು ಮಾತು ಬಿಟ್ಟುಹೋಗಿತ್ತು. ಸಾರು, ಪಲ್ಯ ಮುಗಿಸಿ ತಟ್ಟೆ ಹಾಕುವಾಗಲೇ ಮುದ್ದೆಗೆ ನೀರಿಡಿ, ಆರಿದ ಮುದ್ದೆಗೆ ಸಿಪ್ಪೆ ಕಟ್ಟುತ್ತೆ. ಸಾರು ಉಳಿದರೆ ಬೆಳಗ್ಗೆ ಗಟ್ಟಿಯಾಗಿರುತ್ತೆ, ತಣ್ಣೀರು ಸುರಿಯದೆ ಬಿಸಿನೀರು ಬೆರೆಸಿ ಒಂದು ಕುದಿ ಕುದಿಸಿ. ಉಪ್ಪನ್ನು ಆಮೇಲೆ ನೋಡಿಕೊಂಡು ಹಾಕಿ.